1,300 ಮೀಟರ್ ಅಂತ ಪೊಟ್ಟಣದ ಮೇಲೆ ಬರೆದರೆ ಕಾಫಿ ರುಚಿ ಬದಲಾಗುತ್ತಾ?

ಹಿತ್ತಾಳೆ ಫಿಲ್ಟರ್ (ಭಾನುವಾರ ಬೆಳಿಗ್ಗೆ)

ನಮ್ಮ ಮನೆಯ ಒಂದು ಜಗಳವನ್ನು ನಿಮ್ಮ ಮುಂದೆ ತಂದಿದ್ದೇನೆ.

ಹೋದ ವಾರ ಎರಡು ಪೊಟ್ಟಣ ಕಾಫಿಪುಡಿ ತಂದೆ. ಒಂದು ಬಾಬಾಬುಡನ್‌ಗಿರಿ ಕಡೆಯದ್ದು. ಅದರ ಮೇಲೆ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ "1,300 ಮೀಟರ್" ಅಂತ ಬರೆದಿದೆ. ಇನ್ನೊಂದು ಕೊಡಗಿನದ್ದು. ಹಿಂಬದಿಯಲ್ಲಿ ಸಣ್ಣದಾಗಿ 900 ಮೀಟರ್ ಅಂತಿದೆ. ಎರಡೂ ಅರೇಬಿಕಾ ಜಾತಿಯವು, ಎರಡರಲ್ಲೂ ಚಿಕೋರಿ ಇಲ್ಲ, ಹುರಿದವರೂ ಒಬ್ಬರೇ. ಆದರೆ ಕಾಲು ಕೆಜಿಗೆ ನೂರೈವತ್ತು ರೂಪಾಯಿ ವ್ಯತ್ಯಾಸ.

ಎರಡನ್ನೂ ಅಜ್ಜಿ ಕಾಲದ ಹಿತ್ತಾಳೆ ಫಿಲ್ಟರಿನಲ್ಲಿ ಒಂದಾದ ಮೇಲೊಂದು ಇಳಿಸಿ ಅಮ್ಮನಿಗೆ ಕೊಟ್ಟೆ. ಗಿರಿಯ ಕಾಫಿಯನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಹಾಲು ಒಡೆದಿದ್ಯೇನೋ, ಮೂಸಿ ನೋಡೇ" ಅಂದರು. ಹಾಲು ಆಗ ತಾನೇ ಕಾಸಿದ್ದು. ಏನೂ ಆಗಿರಲಿಲ್ಲ. ಕೊಡಗಿನದ್ದನ್ನು ಮಾತ್ರ ತಳದ ನೊರೆಯವರೆಗೆ ಕುಡಿದರು.

ನಾನು ಎರಡನ್ನೂ ಹಾಲಿಲ್ಲದೆ ಕುಡಿದೆ. ನನಗೆ ಗಿರಿಯದ್ದೇ ಹಿಡಿಸಿತು. ಗಜನಿಂಬೆ ಸಿಪ್ಪೆ ಉಗುರಲ್ಲಿ ಗೀರಿದಾಗ ಬರುವ ಘಮ ಇರುತ್ತದಲ್ಲ, ಆ ಥರ ಒಂದು ವಾಸನೆ ಕೊನೆಗೆ ಉಳಿಯಿತು. ಕೊಡಗಿನದ್ದು ಹುರಿದ ಕಡಲೆಬೀಜ, ಬೆಲ್ಲದ ಪಾಕ. ತಪ್ಪೇನಿಲ್ಲ, ಆದರೆ ಗೊತ್ತಿರುವ ರುಚಿ.

ನನ್ನ ಪ್ರಶ್ನೆ ಇಷ್ಟೇ. ಎತ್ತರಕ್ಕೆ ಹೋದರೆ ರುಚಿ ನಿಜವಾಗಿಯೂ ಬದಲಾಗುತ್ತಾ? ಇಲ್ಲಾ ಇದು ನೂರೈವತ್ತು ಜಾಸ್ತಿ ಕೀಳೋ ದಾರಿನಾ?

ಅರ್ಧ ಲೋಟ (ಭಾನುವಾರ ಬೆಳಿಗ್ಗೆ)

ಕೀಳೋ ದಾರಿ. ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ. ನಮ್ಮ ಮಹಡಿ ಮೇಲಿನ ಕುಂಡದ ಮೆಣಸಿನಕಾಯಿಗೂ ಎತ್ತರ ಬರೆದು ಮಾರೋಣ ಬನ್ನಿ.

ಮೂಡಿಗೆರೆ ತೋಟದವನು (ಭಾನುವಾರ ಮಧ್ಯಾಹ್ನ)

ಅರ್ಧ ಲೋಟ ಅವರೇ, ನಗು ಬಂತು. ಆದರೆ ಎತ್ತರ ಪೂರ್ತಿ ಬುರುಡೆ ಅಲ್ಲ.

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ತೋಟ, ಸುಮಾರು 950 ಮೀಟರ್. ನಮ್ಮ ಭಾವನದ್ದು ಗಿರಿಯ ಕಡೆ, 1,250ರ ಆಸುಪಾಸು. ಎರಡೂ ಕಡೆ ಗಿಡ ಒಂದೇ, ಎಸ್.795 ಅನ್ನೋ ಅರೇಬಿಕಾ ತಳಿ. ಬಾಳೆಹೊನ್ನೂರು ಸಂಶೋಧನಾ ಕೇಂದ್ರದಿಂದ ಒಂದೇ ವರ್ಷ ತಂದ ಬೀಜ. ಹೂವು ಹೆಚ್ಚು ಕಡಿಮೆ ಒಂದೇ ವಾರದಲ್ಲಿ ಅರಳುತ್ತದೆ. ಆದರೆ ನಮ್ಮಲ್ಲಿ ನವೆಂಬರ್ ಮೂರನೇ ವಾರ ಹಣ್ಣು ಕೊಯ್ಯಲು ಆಳುಗಳನ್ನು ಕರೆದರೆ, ಭಾವನಲ್ಲಿ ಡಿಸೆಂಬರ್ ಅರ್ಧ ಕಳೆಯಬೇಕು.

ಕಾರಣ ಎತ್ತರ ಅಲ್ಲ, ತಂಪು. ಗಿಡಕ್ಕೆ ಮೀಟರ್ ಲೆಕ್ಕ ಗೊತ್ತಿಲ್ಲ. 100 ಮೀಟರ್ ಮೇಲೆ ಹೋದರೆ ಸುಮಾರು 0.6 ಡಿಗ್ರಿ ಕಡಿಮೆಯಾಗುತ್ತದೆ. 300 ಮೀಟರಿಗೆ ಎರಡು ಡಿಗ್ರಿ ಹತ್ತಿರ. ಎರಡು ಡಿಗ್ರಿ ಅಂದರೆ ನಮಗೆ ಒಂದು ಸ್ವೆಟರ್, ಗಿಡಕ್ಕೆ ಮೂರು ವಾರ. ಹಗಲು ಎಲೆ ಸಕ್ಕರೆ ಮಾಡುತ್ತದೆ. ರಾತ್ರಿ ಗಿಡ ಉಸಿರಾಡುತ್ತಾ ಅದರಲ್ಲಿ ಒಂದಿಷ್ಟನ್ನು ಖರ್ಚು ಮಾಡುತ್ತದೆ. ರಾತ್ರಿ ತಂಪಾಗಿದ್ದರೆ ಖರ್ಚು ಕಡಿಮೆ. ಹಣ್ಣು ನಿಧಾನ ಮಾಗುವುದರಿಂದ ಬೀಜ ತುಂಬಲು ಸಮಯವೂ ಜಾಸ್ತಿ ಸಿಗುತ್ತದೆ. ನಿಮಗೆ ಸಿಕ್ಕಿದ ಆ ಗಜನಿಂಬೆ ಅಲ್ಲಿಂದ ಬಂದದ್ದು.

ನಮ್ಮಪ್ಪನಿಗೆ ಒಂದು ಅಭ್ಯಾಸ ಇತ್ತು. ಕಣದಲ್ಲಿ ಒಣಗಿದ ಪಾರ್ಚ್‌ಮೆಂಟ್ (ಹೊಟ್ಟು ಸಮೇತದ ಬೀಜ) ಒಂದನ್ನು ತೆಗೆದು, ಉಗುರಿನಿಂದ ಹೊಟ್ಟು ಬಿಡಿಸಿ, ಬೀಜವನ್ನು ಮುಂದಿನ ಹಲ್ಲಿನಲ್ಲಿ ಕಚ್ಚುವುದು. ನಮ್ಮ ತೋಟದ್ದು ಕಟ್ ಅಂತ ತುಂಡಾಗುತ್ತಿತ್ತು. ಭಾವನ ತೋಟದ್ದು ಸುಲಭಕ್ಕೆ ಜಗ್ಗುತ್ತಿರಲಿಲ್ಲ. ಆ ಬೀಜದ ನಡುವಿನ ಗೆರೆ ನೋಡಿ, ಬಿಗಿಯಾಗಿ, ಸ್ವಲ್ಪ ಸೊಟ್ಟಗಿರುತ್ತದೆ. ಕೆಳಗಿನದ್ದರ ಗೆರೆ ನೇರ, ಸಡಿಲ.

ಮೈಸೂರು ಮೇಷ್ಟ್ರು (ಭಾನುವಾರ ಸಂಜೆ)

ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು. ತೋಟದವರು ಹೇಳಿದ "ಎತ್ತರ ಅಲ್ಲ, ತಂಪು" ಅನ್ನೋ ಮಾತನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕು.

ಹವಾಯಿಯ ಕೋನಾ ಕಾಫಿ ಕೇಳಿರುತ್ತೀರಿ. ಅದು ಬೆಳೆಯುವುದು 150ರಿಂದ 900 ಮೀಟರಿನಲ್ಲಿ. ನಮ್ಮ ಲೆಕ್ಕದಲ್ಲಿ ಅಡಿಕೆ ತೋಟ ಹಾಕೋ ಜಾಗ! ಆದರೂ ಒಳ್ಳೆಯ ಅರೇಬಿಕಾ. ಯಾಕೆಂದರೆ ಕೋನಾ ಇರುವುದು ಭೂಮಧ್ಯರೇಖೆಯಿಂದ 19-20 ಡಿಗ್ರಿ ಉತ್ತರಕ್ಕೆ. ಜೊತೆಗೆ ಮಧ್ಯಾಹ್ನ ಆಗುತ್ತಲೇ ಬೆಟ್ಟದ ಮೇಲೆ ಮೋಡ ಕವಿದು ತೋಟಕ್ಕೆ ಕೊಡೆ ಹಿಡಿಯುತ್ತದೆ. ಕೊಲಂಬಿಯಾ ಭೂಮಧ್ಯರೇಖೆಗೆ ಅಂಟಿಕೊಂಡ ದೇಶ. ಅಲ್ಲಿ ಅದೇ ತಂಪಿಗೆ 1,200ರಿಂದ 2,000 ಮೀಟರ್ ಹತ್ತಬೇಕು. ಚಿಕ್ಕಮಗಳೂರು, ಕೊಡಗು ಇರುವುದು 12-13 ಡಿಗ್ರಿಯಲ್ಲಿ, ನಡುವೆ. ಹಾಗಾಗಿ ನಮ್ಮ 1,300ನ್ನು ಅವರ 1,800ರ ಪಕ್ಕ ನಿಲ್ಲಿಸಿ "ನಮ್ಮದು ಕುಳ್ಳು" ಅನ್ನುವುದು ತಪ್ಪು.

ಬ್ರೆಜಿಲ್‌ನ ಮಿನಾಸ್ ಜೆರಾಯ್ಸ್ ಇನ್ನೂ ದೂರ, ಈ ಸಲ ದಕ್ಷಿಣಕ್ಕೆ. ಅಲ್ಲಿ ತಂಪು ಜಾಸ್ತಿಯಾದರೂ ಕಷ್ಟ. 2021ರ ಜುಲೈಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಷ್ಟೋ ತೋಟ ಒಂದೇ ರಾತ್ರಿಗೆ ಕಂದು ತಿರುಗಿದವು. ತಣ್ಣನೆ ಗಾಳಿ ಭಾರ, ಅದು ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿನವರು ಕಣಿವೆಯ ತಳಕ್ಕೆ ಗಿಡ ಹಾಕಲು ಹೆದರುವುದು ಇದಕ್ಕೇ.

ಇನ್ನು ನೆರಳು. ನಮ್ಮ ಕಾಫಿ ಬಯಲಿನಲ್ಲಿ ಬೆಳೆಯುವುದಿಲ್ಲ. ಮೇಲೆ ಅತ್ತಿ, ಹಲಸು, ನಂದಿ, ಸಿಲ್ವರ್ ಓಕ್. ಕೆಳಗೆ ಹಾಲುವಾಣ. ಕೋಸ್ಟರಿಕಾದಲ್ಲಿ ಮಾಡಿದ ಪ್ರಯೋಗಗಳಲ್ಲಿ ನೆರಳಿನ ಗಿಡದ ಹಣ್ಣು ತಡವಾಗಿ ಮಾಗಿ, ಬೀಜ ದಪ್ಪವಾಗಿ, ರುಚಿಯೂ ಚೆನ್ನಾಗಿ ಬಂದದ್ದು ಕಂಡಿದೆ. ಎತ್ತರ ಮಾಡುವ ಕೆಲಸವನ್ನೇ ಒಂದಿಷ್ಟು ಮರ ಮಾಡುತ್ತದೆ. ಪೊಟ್ಟಣದ ಮೇಲೆ ಮೀಟರ್ ಬರೆಯುವವರು ನೆರಳು ಎಷ್ಟಿತ್ತು ಅಂತ ಯಾಕೆ ಬರೆಯಲ್ಲ ಅನ್ನೋದು ನನ್ನ ಹಳೇ ದೂರು.

ಸಿದ್ದಾಪುರ ರೋಬಸ್ಟಾ (ಭಾನುವಾರ ರಾತ್ರಿ)

ಮೇಷ್ಟ್ರೇ, ನೆರಳಿನ ಮಾತು ಸರಿ. ಆದರೆ ಇಷ್ಟು ಹೊತ್ತು ಮಾತಾಡಿದರೂ ಒಬ್ಬರೂ ಮಳೆಯ ಹೆಸರೆತ್ತಲಿಲ್ಲ. ಕೊಡಗಿನಲ್ಲಿ ನಾವು ಮೀಟರ್ ಅಳೆಯುವುದಿಲ್ಲ, ಇಂಚು ಅಳೆಯುತ್ತೇವೆ. ಮಳೆ ಅಳೆಯುವ ಗೇಜಿನ ಪಕ್ಕದ ಗೋಡೆಗೆ ಕ್ಯಾಲೆಂಡರ್ ಹಾಕಿ, ಅದರ ಮೇಲೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬರೆದಿಡುವುದು ನಮ್ಮ ತಾತನ ಕಾಲದಿಂದ ಬಂದ ಪದ್ಧತಿ.

ಕಾಫಿಯ ಇನ್ನೊಂದು ಜಾತಿ ರೋಬಸ್ಟಾಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೇಕು. ಒಂದು ಇಂಚಾದರೂ ಬರಬೇಕು. ಅಲ್ಲಿಯವರೆಗೆ ಮೊಗ್ಗು ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಊರೆಲ್ಲ ಮಲ್ಲಿಗೆ ವಾಸನೆ. ಅರೇಬಿಕಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಿಕೊಳ್ಳುತ್ತದೆ. ರೋಬಸ್ಟಾಕ್ಕೆ ಆಗಲ್ಲ. ಬೇರೆ ಗಿಡದ ಪರಾಗವೇ ಆಗಬೇಕು, ಅದನ್ನು ಗಾಳಿ ತರಬೇಕು, ಜೇನು ತರಬೇಕು. ಹೂ ಅರಳಿದ ದಿನವೇ ಜೋರು ಮಳೆ ಹೊಡೆದರೆ ಆ ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು. ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬರಬೇಕು, ಅದಕ್ಕೆ ನಾವು ಬ್ಯಾಕಿಂಗ್ ಅನ್ನುತ್ತೇವೆ.

ಇದಕ್ಕೂ ರುಚಿಗೂ ಏನು ಸಂಬಂಧ ಅಂದರೆ, ನನ್ನದೇ ಕತೆ ಹೇಳುತ್ತೇನೆ. ಹೋದ ವರ್ಷ ಹೂಮಳೆಯ ಬದಲು ಸ್ಪ್ರಿಂಕ್ಲರ್ ಬಿಡೋ ಹೊತ್ತಿಗೆ ಮೋಟರ್ ಸುಟ್ಟಿತು. ರಿಪೇರಿಯವರು ಎರಡು ದಿನ ಅಂದವರು ಹನ್ನೆರಡು ದಿನ ಮಾಡಿದರು. ಆ ಹೊತ್ತಿಗೆ ಕೆಲವು ಸಾಲಿಗೆ ಪೂರ್ತಿ ನೀರು ಸಿಕ್ಕಿತ್ತು, ಕೆಲವಕ್ಕೆ ಅರೆಬರೆ. ನಡುವೆ ಒಂದು ಹನಿಮಳೆ ಬೇರೆ ಬಂತು. ಒಂದೇ ಕೊಂಬೆಯಲ್ಲಿ ಮೂರು ಸಲ ಹೂವಾಯಿತು. ಕೊಯ್ಲಿಗೆ ಹೋದರೆ ಅದೇ ಗೊಂಚಲಿನಲ್ಲಿ ಕೆಂಪು, ಹಳದಿ, ಪಚ್ಚೆ. ಬಿಡಿಸಿ ಬಿಡಿಸಿ ಕೊಯ್ಯಲು ಆಳು ಸಿಗಲ್ಲ, ಎಲ್ಲ ಒಟ್ಟಿಗೆ ಎಳೆದದ್ದಾಯಿತು. ಆ ಚೆರ್ರಿಯ (ಇಡೀ ಹಣ್ಣನ್ನೇ ಒಣಗಿಸಿದ್ದು) ಕಾಫಿ ಕುಡಿದರೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಒಗರು. ಎತ್ತರ ಅದೇ, ಗಿಡ ಅದೇ.

ಮತ್ತೆ, ರೋಬಸ್ಟಾ ಅಂದರೆ ಮೂಗು ಮುರಿಯಬೇಡಿ. ವಿಯೆಟ್ನಾಂನ ರೋಬಸ್ಟಾ ಸೀಮೆಯ ದೊಡ್ಡ ಊರು ಬುವಾನ್ ಮ ಥೂಟ್ ಇರುವುದು 500 ಮೀಟರ್ ಸುಮಾರಿನಲ್ಲಿ. ನಮ್ಮದು 850-900ರಲ್ಲಿ, ಅದೂ ನೆರಳಿನಡಿ. ಇಟಲಿಯವರು ಎಸ್‌ಪ್ರೆಸ್ಸೊಗೆ ನಮ್ಮ ರೋಬಸ್ಟಾವನ್ನು ಹುಡುಕಿಕೊಂಡು ಬರುವುದು ಸುಮ್ನೆ ಅಲ್ಲ. ನಮ್ಮಲ್ಲಿ ಕಾಳುಮೆಣಸು, ಕಿತ್ತಳೆ ನಡುವೆ ಬೆಳೆಯುವುದರಿಂದ ಆ ಘಮವೂ ಬೀಜಕ್ಕೆ ಇಳಿಯುತ್ತದೆ.

ಅರ್ಧ ಲೋಟ (ಭಾನುವಾರ ರಾತ್ರಿ)

ಮೆಣಸಿನ ಬಳ್ಳಿ ಪಕ್ಕದಲ್ಲಿದ್ದರೆ ಮೆಣಸಿನ ಘಮ. ಸರಿ. ಆನೆ ಬಂದು ಹೋದ ತೋಟದ ಕಾಫಿಗೆ?

ಸಿದ್ದಾಪುರ ರೋಬಸ್ಟಾ (ಭಾನುವಾರ ರಾತ್ರಿ)

ಆನೆ ಬಂದು ಹೋದ ತೋಟದಲ್ಲಿ ಕಾಫಿಯೇ ಉಳಿಯಲ್ಲ ಸ್ವಾಮಿ. ಹಲಸು ಹಣ್ಣಾಗುವ ಕಾಲಕ್ಕೆ ಒಂದು ರಾತ್ರಿ ಬಂದು ಮಲಗಿ ನೋಡಿ.

ಹುರಿಯುವವಳು (ಸೋಮವಾರ ಬೆಳಿಗ್ಗೆ)

ಬೆಂಗಳೂರಿನಲ್ಲಿ ಸಣ್ಣ ರೋಸ್ಟರಿ ನಡೆಸುತ್ತೇನೆ, ಹಾಗಾಗಿ ಈ ಚರ್ಚೆ ನನ್ನ ಹೊಟ್ಟೆಪಾಡಿನದ್ದು.

ಸಿದ್ದಾಪುರದ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಮೆಣಸಿನ ಬಳ್ಳಿಯ ಘಮ ಬೇರಿನಿಂದಲೋ ಗಾಳಿಯಿಂದಲೋ ಹಣ್ಣಿನ ಸಿಪ್ಪೆ, ಲೋಳೆ, ಹೊಟ್ಟು ಎಲ್ಲ ದಾಟಿ ಬೀಜಕ್ಕೆ ಇಳಿಯುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಜನ ಹೇಳುವ ಆ ಮಸಾಲೆ ಘಮ, ಜೀರಿಗೆ ಥರದ್ದು, ನನಗೆ ಹೆಚ್ಚಾಗಿ ಸಿಕ್ಕಿದ್ದು ಎಸ್.795 ತಳಿಯಲ್ಲಿ. ಮೆಣಸಿನ ಬಳ್ಳಿಯೇ ಇಲ್ಲದ ಎತ್ತರದ ತೋಟದ ಬೀಜದಲ್ಲೂ ಸಿಕ್ಕಿದೆ. ಅದು ತಳಿಯ ಗುಣ. ಎಸ್.288 ಮತ್ತು ಕೆಂಟ್ ಅನ್ನೋ ಎರಡು ಗಿಡ ಸೇರಿಸಿ ಬಾಳೆಹೊನ್ನೂರಿನಲ್ಲಿ ಮಾಡಿದ ತಳಿ ಅದು. ಒಂದೇ ಗುಡ್ಡದಲ್ಲಿ ಸೆಲೆಕ್ಷನ್ 9 ಹಾಕಿದ್ದರೆ ರುಚಿ ಬೇರೆ ದಾರಿ ಹಿಡಿಯುತ್ತದೆ. ಅದರ ಒಂದು ಕಡೆಯ ಮೂಲ ಇಥಿಯೋಪಿಯಾ, ಹೂವಿನ ಘಮ ಜಾಸ್ತಿ.

ಎತ್ತರದ ಬಗ್ಗೆ. ಎರಡು ವರ್ಷದ ಹಿಂದೆ ಒಬ್ಬ ವ್ಯಾಪಾರಿ ನನಗೆ "1,500 ಮೀಟರ್ ಮಾಲು" ಅಂತ ಮೂರು ಚೀಲ ಹಸಿಬೀಜ ಕೊಟ್ಟರು. ರೇಟೂ ಹಾಗೇ ಇತ್ತು. ನನ್ನ ಹತ್ತಿರ ಪ್ರಯೋಗಾಲಯದ ಉಪಕರಣ ಇಲ್ಲ, ಅಮ್ಮನ ಮನೆಯಿಂದ ತಂದ ಪಾವು ಇದೆ. ಹೊಸ ಮಾಲು ಬಂದಾಗಲೆಲ್ಲ ಒಂದು ಪಾವು ಹಸಿಬೀಜ ತಲೆ ತಟ್ಟಿ ತುಂಬಿಸಿ ತೂಕ ಮಾಡುತ್ತೇನೆ. ಈ 1,500ರ ಮಾಲು ಸಕಲೇಶಪುರದ 950 ಮೀಟರಿನ ಮಾಲಿಗಿಂತ ಹಗುರ ಬಂತು! ಡ್ರಮ್ಮಿಗೆ ಹಾಕಿದೆ. ಗಟ್ಟಿ ಬೀಜ ಮೊದಲು ಒಳ್ಳೆ ಶಾಖ ಕೇಳುತ್ತದೆ, ಸುಲಭಕ್ಕೆ ಮಣಿಯಲ್ಲ. ಇದು ಬೇಗ ಬಣ್ಣ ತಿರುಗಿ ತುದಿಯಲ್ಲಿ ಸುಟ್ಟಿತು. ಕುಡಿದರೆ ರಟ್ಟು ನೆನೆಸಿದ ನೀರು. ಫೋನ್ ಮಾಡಿದೆ. "ತೋಟದವರು ಹೇಳಿದ್ದನ್ನೇ ನಿಮಗೆ ಹೇಳಿದ್ದು ಮೇಡಂ" ಅಂದರು. ಅಲ್ಲಿಗೆ ಮುಗಿಯಿತು. ಅಂದಿನಿಂದ ಚೀಲದ ಮೇಲಿನ ಅಂಕಿಗಿಂತ ಪಾವಿನ ಮಾತೇ ನನಗೆ ಮೇಲು.

2019ರಲ್ಲಿ ನಮ್ಮ ಐದು ಕಾಫಿಗಳಿಗೆ ಭೌಗೋಳಿಕ ಗುರುತು ಸಿಕ್ಕಿತು: ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಆಂಧ್ರದ ಅರಕು ಕಣಿವೆ ಅರೇಬಿಕಾ, ಕೇರಳದ ವಯನಾಡು ರೋಬಸ್ಟಾ. ಚಿಕ್ಕಮಗಳೂರಿಗೂ ಗಿರಿಗೂ ಬೇರೆ ಬೇರೆ ಗುರುತು ಕೊಟ್ಟಿದ್ದನ್ನು ಗಮನಿಸಿ. ಪೇಟೆಯಿಂದ ಒಂದು ಗಂಟೆ ದಾರಿ. ಆದರೆ ಲೋಟದಲ್ಲಿ ನಿಜಕ್ಕೂ ಬೇರೆ.

ಹಿತ್ತಾಳೆ ಅಕ್ಕ, ನಿಮ್ಮ ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಎತ್ತರದ ಕಾಫಿಯ ಹುಳಿಗೂ ಹಾಲಿಗೂ ಹೊಂದಾಣಿಕೆ ಕಮ್ಮಿ. ನಮ್ಮ ಫಿಲ್ಟರ್ ಕಾಫಿ ಬೆಳೆದದ್ದೇ ಗಾಢ ಹುರಿದ ಪ್ಲಾಂಟೇಷನ್ ಎ (ತೊಳೆದ ಅರೇಬಿಕಾದ ಒಂದು ದರ್ಜೆ), ಪೀಬೆರಿ (ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ಗುಂಡು ಬೀಜ), ಜೊತೆಗೊಂದಿಷ್ಟು ರೋಬಸ್ಟಾ, ಚಿಕೋರಿ ಇಟ್ಟುಕೊಂಡು. ಅಷ್ಟು ಗಾಢ ಹುರಿದರೆ 900ಕ್ಕೂ 1,300ಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಇನ್ನೊಂದು ಸಲ ಹಾಲಿಲ್ಲದೆ ಕೊಡಿ, ಬಿಸಿ ಸ್ವಲ್ಪ ಆರಿದ ಮೇಲೆ. ಸುಡುವ ಕಾಫಿಯಲ್ಲಿ ನಾಲಿಗೆಗೆ ಏನೂ ಗೊತ್ತಾಗಲ್ಲ.

ನೈರೋಬಿ ಕನ್ನಡಿಗ (ಸೋಮವಾರ ಸಂಜೆ)

ಕೆಲಸಕ್ಕೆ ಬಂದು ಇಲ್ಲಿ ಆರು ವರ್ಷ ಆಯಿತು. ಈ ಊರು ಸುಮಾರು 1,700 ಮೀಟರ್ ಎತ್ತರ. ನೀರು 94-95 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸೋಕೆ ಹೋಗಿ ಮೊದಲ ತಿಂಗಳು ಅನುಭವಿಸಿದೆ.

ಕೀನ್ಯಾ ಬೆಟ್ಟದ ತಪ್ಪಲಿನ ನ್ಯೇರಿ ಕಡೆ ಹೋಗಿದ್ದೆ. 1,600ರಿಂದ 1,900 ಮೀಟರ್, ರಕ್ತದ ಹಾಗೆ ಕೆಂಪು ಮಣ್ಣು. ಭೂಮಧ್ಯರೇಖೆ ಅಲ್ಲೇ ಪಕ್ಕದಲ್ಲಿ. ವರ್ಷಕ್ಕೆ ಎರಡು ಮಳೆಗಾಲ, ಹಾಗಾಗಿ ಎರಡು ಕೊಯ್ಲು. ದೊಡ್ಡದು ಅಕ್ಟೋಬರ್‌ನಿಂದ ಡಿಸೆಂಬರ್, ಸಣ್ಣದು ವರ್ಷದ ನಡುವೆ. ನಮ್ಮ ಹಾಗೆ ಒಂದು ಹೂಮಳೆಗೆ ಇಡೀ ವರ್ಷ ಆಕಾಶ ನೋಡುವ ಕಷ್ಟ ಅವರಿಗಿಲ್ಲ. ಅವರ ಎಸ್‌ಎಲ್28 ತಳಿಯ ಕಾಫಿ ಕುಡಿದರೆ ಮೊದಲ ಗುಟುಕಿಗೇ ಕೆನ್ನೆಯೊಳಗೆ ನೀರೂರುತ್ತದೆ. ಇಲ್ಲಿನವರು ಬ್ಲ್ಯಾಕ್‌ಕರಂಟ್ ಅನ್ನುತ್ತಾರೆ. ನಾನು ಆ ಹಣ್ಣು ಕಂಡವನಲ್ಲ. ನನಗೆ ಅನ್ನಿಸಿದ್ದು ನೇರಳೆ ಹಣ್ಣು, ಉಪ್ಪು ಹಾಕದೆ. ಹಾಂ, "ಎಎ" ಅಂತ ಬರೆದಿದ್ದನ್ನು ನೋಡಿ ಇದೇ ಶ್ರೇಷ್ಠ ಅಂದುಕೊಳ್ಳಬೇಡಿ. ಅದು ಬೀಜದ ಗಾತ್ರ ಅಷ್ಟೇ.

ಇಥಿಯೋಪಿಯಾಕ್ಕೂ ಒಮ್ಮೆ ಹೋಗಿಬಂದೆ. ಯಿರ್ಗಾಚೆಫೆಯಲ್ಲಿ ನೀರಿದೆ. ಹಣ್ಣು ಪಲ್ಪ್ ಮಾಡಿ, ಅಂದರೆ ಸಿಪ್ಪೆ ಸುಲಿದು, ನೀರಲ್ಲಿ ತೊಳೆದು ಒಣಗಿಸುತ್ತಾರೆ. ಕಾಫಿ ತಿಳಿ, ಮಲ್ಲಿಗೆ, ನಿಂಬೆ. ಹರಾರ್ ಒಣ ಸೀಮೆ. ತೊಳೆಯೋಕೆ ನೀರೆಲ್ಲಿ? ಇಡೀ ಹಣ್ಣನ್ನೇ ಬಿಸಿಲಿಗೆ ಹರಡುತ್ತಾರೆ. ಕಾಫಿ ದಪ್ಪ, ಹಣ್ಣು ಕಳಿತು ಹುದುಗಿದ ವಾಸನೆ. ಎರಡೂ ಎತ್ತರದ ಕಾಫಿಗಳೇ. ಅಲ್ಲಿ ರುಚಿ ಬೇರೆಯಾಗಿದ್ದಕ್ಕೆ ದೊಡ್ಡ ಕಾರಣ ನೀರು ಇದ್ದದ್ದು, ಇಲ್ಲದ್ದು. ಸುಮಾತ್ರಾದಲ್ಲಿ ಇದಕ್ಕೆ ತಿರುಗಾಮುರುಗ. ಅಲ್ಲಿ ಮಳೆ ಬಿಡುವು ಕೊಡಲ್ಲ, ಪಾರ್ಚ್‌ಮೆಂಟ್ ಪೂರ್ತಿ ಒಣಗುವುದೇ ಇಲ್ಲ. ಹಸಿ ಇರುವಾಗಲೇ ಹೊಟ್ಟು ತೆಗೆದು ಬರೀ ಬೀಜ ಒಣಗಿಸುತ್ತಾರೆ. ಆ ಮಣ್ಣು, ಹಸಿ ಕಟ್ಟಿಗೆ ವಾಸನೆ ಬರುವುದು ಅದರಿಂದ.

ಕುಡ್ಲದ ಮಾಣಿ (ಸೋಮವಾರ ರಾತ್ರಿ)

ನೀವೆಲ್ಲ ಬೆಟ್ಟ ಹತ್ತಿದ್ದು ಸಾಕು ಮಾರಾಯ್ರೆ, ಸ್ವಲ್ಪ ಸಮುದ್ರಕ್ಕೆ ಇಳಿಯಿರಿ. ಸೊನ್ನೆ ಮೀಟರಿನಲ್ಲಿ ರುಚಿ ಹುಟ್ಟುವುದನ್ನು ತೋರಿಸುತ್ತೇನೆ.

ನಮ್ಮ ಮಾವ ಮಂಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸಕ್ಕಿದ್ದರು. ಸಣ್ಣವನಿದ್ದಾಗ ಊಟದ ಬುತ್ತಿ ಕೊಡಲು ಹೋಗುತ್ತಿದ್ದೆ. ಜೂನ್‌ನಲ್ಲಿ ಮಳೆ ಹಿಡಿದರೆ, ಗೋಡೆ ತೆರೆದ ದೊಡ್ಡ ಗೋದಾಮಿನ ನೆಲದ ಮೇಲೆ ಒಂದು ಗೇಣಿಗಿಂತ ಕಮ್ಮಿ ದಪ್ಪಕ್ಕೆ ಕಾಫಿ ಬೀಜ ಹರಡಿರುತ್ತಿದ್ದರು. ಕೆಲಸದವರು ಮರದ ಹಲುಬೆಯಲ್ಲಿ ಆಗಾಗ ಕೆದಕಿ ಮಗುಚುತ್ತಿದ್ದರು. ಮಳೆನೀರು ಬೀಜಕ್ಕೆ ತಾಗಬಾರದು, ಮಳೆಗಾಳಿ ಮಾತ್ರ ತಾಗಬೇಕು. ವಾರ ವಾರಕ್ಕೆ ಬೀಜ ಉಬ್ಬಿ, ಹಸಿರು ಹೋಗಿ, ಕೊನೆಗೆ ಒಣಹುಲ್ಲಿನ ಬಣ್ಣ. ಆ ಗೋದಾಮಿನ ವಾಸನೆ ನನಗೆ ಈಗಲೂ ನೆನಪಿದೆ. ಒದ್ದೆ ಗೋಣಿ, ಹಳೇ ಪತ್ತಾಯ. ಸೆಪ್ಟೆಂಬರ್ ಹೊತ್ತಿಗೆ ಹುಳಿ ಎಲ್ಲ ಸತ್ತು ಕಾಫಿ ಮೆತ್ತಗೆ, ದಪ್ಪ.

ಇದು ಹುಟ್ಟಿದ್ದೇ ಹಡಗಿನಲ್ಲಿ. ಹಾಯಿಹಡಗು ಆಫ್ರಿಕಾ ಸುತ್ತಿ ಯುರೋಪಿಗೆ ಹೋಗಲು ಆರು ತಿಂಗಳು ಹತ್ತಿರ ಆಗುತ್ತಿತ್ತು. ಹಡಗಿನ ಹೊಟ್ಟೆಯೊಳಗೆ ಸಮುದ್ರದ ತೇವ ಹೀರಿ ಬೀಜ ಬಣ್ಣ ಬದಲಿಸುತ್ತಿತ್ತು. ಅಲ್ಲಿನವರಿಗೆ ಅದೇ ರುಚಿ ಹಿಡಿದುಬಿಟ್ಟಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದ ಮೇಲೆ ಕಾಫಿ ಹಸಿರಾಗಿಯೇ ತಲುಪಿತು. ಅವರಿಗೆ ಬೇಡವಾಯಿತು. ಮತ್ತೆ ನಮ್ಮ ಕರಾವಳಿಯವರು ಹಡಗಿನ ಕೆಲಸವನ್ನು ಮಳೆಗಾಲದ ಕೈಯಲ್ಲಿ ಮಾಡಿಸಿದರು. ಅದೇ ಮಾನ್ಸೂನ್ಡ್ ಮಲಬಾರ್. ಬೆಳೆದದ್ದು ಘಟ್ಟದ ಮೇಲೆ, ರುಚಿ ಬಂದದ್ದು ಘಟ್ಟದ ಕೆಳಗೆ.

ಹಿತ್ತಾಳೆಯವರೇ, ನಿಮ್ಮ ಅಮ್ಮನಿಗೆ ಇದನ್ನು ಕೊಡಿ. ಹುಳಿ ಅಂತ ಹೇಳಲಿಕ್ಕೆ ಸಾಧ್ಯವೇ ಇಲ್ಲ.

ಮೂಡಿಗೆರೆ ತೋಟದವನು (ಮಂಗಳವಾರ ಬೆಳಿಗ್ಗೆ)

ಮಾಣಿ, ಒಳ್ಳೆ ಕತೆ. ನಾವು ಅದೇ ತೇವದಿಂದ ಬೀಜ ಕಾಪಾಡಲು ಸಾಯುತ್ತೇವೆ, ನೀವು ಕರೆದು ಕೂರಿಸುತ್ತೀರಿ.

2021ರ ನವೆಂಬರ್ ನನಗೆ ಮರೆಯಲ್ಲ. ಹಣ್ಣು ಕೊಯ್ಯಲು ಶುರು ಮಾಡಿದ್ದೆವು, ಮಳೆ ನಿಲ್ಲಲೇ ಇಲ್ಲ. ಗಿಡದಲ್ಲಿ ಹಣ್ಣು ಒಡೆದು ಉದುರಿತು. ಪಲ್ಪ್ ಮಾಡಿದ್ದು ಕಣದಲ್ಲಿ ಟಾರ್ಪಾಲಿನ ಕೆಳಗೆ ಬೆವರುತ್ತಿತ್ತು. ರಾತ್ರಿ ಹನ್ನೊಂದಕ್ಕೆ ನಾನು, ನನ್ನ ಹೆಂಡತಿ ಟಾರ್ಚ್ ಹಿಡಿದು ಟಾರ್ಪಾಲು ಎತ್ತಿ ಕೈಹಾಕಿ ನೋಡಿದರೆ ಒಳಗೆ ಬೆಚ್ಚಗೆ, ಹುಳಿ ಹಿಟ್ಟಿನ ವಾಸನೆ. ಆ ವರ್ಷ ನಮ್ಮ ಕಾಫಿಗೆ ಯಾವ ಎತ್ತರ ಬರೆದರೂ ಉಪಯೋಗ ಇರಲಿಲ್ಲ.

ಇನ್ನೊಂದು ವಿಷಯ ಬಿಟ್ಟುಹೋಗಿದೆ. ಅರೇಬಿಕಾ ಮೇಲೆ ಮೇಲೆ ಹತ್ತಿದ್ದು ರುಚಿಗೆ ಮಾತ್ರ ಅಲ್ಲ, ಜೀವ ಉಳಿಸಿಕೊಳ್ಳೋಕೆ. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು, ಕಾಫಿ ದ್ವೀಪ ಹೋಗಿ ಚಹಾ ದ್ವೀಪ ಆಯಿತು. ನಮ್ಮಲ್ಲಿಗೂ ಬಂತು. ಆ ರೋಗಕ್ಕೆ ಬಿಸಿ ಮತ್ತು ತೇವ ಎರಡೂ ಬೇಕು. ತಂಪಿನ ಗುಡ್ಡದಲ್ಲಿ ಅದರ ಆಟ ಕಮ್ಮಿ. ಬಿಳಿ ಕಾಂಡಕೊರಕ ಹುಳದ್ದು ಬೇರೆ ಥರ, ಅದಕ್ಕೆ ಬಿಸಿಲು ಬಿದ್ದ ಕಾಂಡ ಇಷ್ಟ. ನಮ್ಮ ಪಕ್ಕದವರು ಇಳುವರಿ ಜಾಸ್ತಿ ಆಗಲಿ ಅಂತ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಅತಿ ಮಾಡಿದರು. ಮೂರು ವರ್ಷದಲ್ಲಿ ಅರೇಬಿಕಾ ಗಿಡಗಳನ್ನು ಕಿತ್ತು ಸೌದೆ ಮಾಡಿ, ಈಗ ಅಲ್ಲಿ ರೋಬಸ್ಟಾ ನೆಟ್ಟಿದ್ದಾರೆ. ರೋಬಸ್ಟಾಕ್ಕೆ ಈಗ ರೇಟೂ ಇದೆ, ಅವರನ್ನು ತಪ್ಪು ಅನ್ನಲ್ಲ. ಆದರೆ 950 ಮೀಟರಿನ ಎಸ್.795 ರುಚಿ ಅನ್ನೋದು ನಮ್ಮೂರಲ್ಲಿ ಕೆಲವು ತೋಟಗಳಲ್ಲಿ ಮಾತ್ರ ಉಳಿದಿದೆ. ಬಾಬಾಬುಡನ್ ಏಳು ಬೀಜ ತಂದು ಹಾಕಿದರು ಅನ್ನುವ ಗಿರಿಯಿಂದ ಮೇಲೆ ಹೋಗಲು ನಮಗೆ ಜಾಗವೂ ಇಲ್ಲ. ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್, ಅದರ ಸುತ್ತ ಶೋಲಾ ಕಾಡು, ಹುಲ್ಲು.

ಸಿದ್ದಾಪುರ ರೋಬಸ್ಟಾ (ಮಂಗಳವಾರ ಮಧ್ಯಾಹ್ನ)

ಹಿತ್ತಾಳೆ ಅಕ್ಕ, ಹಾಲಿಲ್ಲದೆ ಕೊಟ್ಟರೆ ಅಮ್ಮ ಕುಡಿಯಲ್ಲ ಅನ್ನೋ ಹೆದರಿಕೆ ಇದ್ದರೆ ಬೆಲ್ಲ ಹಾಕಿ ಕೊಡಿ. ನಮ್ಮಲ್ಲಿ ತೋಟದ ಕೆಲಸದವರಿಗೂ ಮನೆಯವರಿಗೂ ಬೆಳಿಗ್ಗೆ ಅದೇ.

ಹಿತ್ತಾಳೆ ಫಿಲ್ಟರ್ (ಬುಧವಾರ ರಾತ್ರಿ)

ಎಲ್ಲರಿಗೂ ಥ್ಯಾಂಕ್ಸ್. ನೂರೈವತ್ತಕ್ಕೆ ಇಷ್ಟು ಪಾಠ ಸಿಕ್ಕಿತಲ್ಲ, ಅಗ್ಗವೇ ಆಯಿತು.

ಇವತ್ತು ಸಂಜೆ ಪರೀಕ್ಷೆ ಮಾಡಿದೆ. ಒಂದೇ ಥರದ ಮೂರು ಸ್ಟೀಲ್ ಲೋಟ, ತಳದಲ್ಲಿ ಮಾರ್ಕರಿನಿಂದ ಗುರುತು. ಒಂದು ಗಿರಿ, ಒಂದು ಕೊಡಗು, ಮೂರನೆಯದು ಮಾನ್ಸೂನ್ಡ್ ಮಲಬಾರ್. ಕುಡ್ಲದ ಮಾಣಿ ಮಾತು ಕೇಳಿ ಅದನ್ನೂ ನೂರು ಗ್ರಾಂ ತಂದೆ. ಅಡುಗೆಮನೆಯ ತಕ್ಕಡಿಯಲ್ಲಿ ಪುಡಿ ತೂಗಿದೆ, ಎಲ್ಲಕ್ಕೂ ಒಂದೇ ಅಳತೆ ನೀರು. ಹಾಲಿಲ್ಲ. ಸಿದ್ದಾಪುರದವರು ಹೇಳಿದ ಹಾಗೆ ಚೂರು ಬೆಲ್ಲ. ಹತ್ತು ನಿಮಿಷ ಆರಲು ಬಿಟ್ಟು ಅಮ್ಮನನ್ನು ಕರೆದೆ.

ಮಾನ್ಸೂನ್ಡ್ ಕುಡಿದು "ಇದು ನಮ್ಮ ಹಳೇ ಮನೆ ಅಟ್ಟ" ಅಂದರು. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ. ಕೊಡಗಿಗೆ "ಹೂಂ" ಅಷ್ಟೇ. ಕೊನೆಗೆ ಉಳಿದ ಲೋಟವನ್ನು ಎತ್ತಿ ಮೂಸಿ, ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಕಿಟಕಿ ಕಡೆ ನೋಡುತ್ತಾ ನಿಂತರು. ಆಮೇಲೆ ಕೇಳಿದರು, "ಇದನ್ನು ಎಲ್ಲಿಂದ ತಂದೆ? ಕೊಪ್ಪದಲ್ಲಿ ದೊಡ್ಡಮ್ಮನ ಮನೇಲಿ ಬೆಳಿಗ್ಗೆ ಇದೇ ಕುಡೀತಿದ್ವಿ, ಒಲೆ ಮುಂದೆ ಕೂತು."

ಲೋಟ ತಿರುಗಿಸಿ ಗುರುತು ತೋರಿಸಿದೆ. ಗಿರಿ. ಭಾನುವಾರ ಹಾಲು ಒಡೆದಿದೆ ಅಂದದ್ದು ಇದನ್ನೇ ಅಂದೆ. ಒಪ್ಪಲಿಲ್ಲ. "ಅವತ್ತಿನದ್ದು ಬೇರೆ, ನೀನು ಪೊಟ್ಟಣ ಬದಲಾಯಿಸಿದ್ದೀಯ" ಅಂದರು.

ಒಂದು ಪ್ರಶ್ನೆ ಉಳಿದಿದೆ. ಹುರಿಯುವವಳೇ, ಗಿರಿಯದ್ದು ಅರ್ಧ, ಕೊಡಗಿನದ್ದು ಅರ್ಧ ಸೇರಿಸಿ ಹಾಲು ಹಾಕಿದರೆ ಹೇಗಿರುತ್ತೆ?

ಹುರಿಯುವವಳು (ಬುಧವಾರ ರಾತ್ರಿ)

ಅರ್ಧ ಬೇಡ. ಗಿರಿಯದ್ದು ಮೂವತ್ತು, ಕೊಡಗಿನದ್ದು ಎಪ್ಪತ್ತು ಮಾಡಿ ನೋಡಿ. ಡಿಕಾಕ್ಷನ್ ಗಟ್ಟಿ ಇರಲಿ.

ಅರ್ಧ ಲೋಟ (ಬುಧವಾರ ರಾತ್ರಿ)

ಸರಿ, ಸೋತೆ. ಆ ಗಿರಿಯ ಪೊಟ್ಟಣ ಯಾವ ಅಂಗಡಿಯದ್ದು ಅಂತ ಮೆಸೇಜ್ ಮಾಡಿ. ಕಾಲು ಕೆಜಿ ಸಾಕು.

ಸಿದ್ದಾಪುರ ರೋಬಸ್ಟಾ (ಗುರುವಾರ ಬೆಳಿಗ್ಗೆ)

ನಿನ್ನೆ ರಾತ್ರಿ ಒಂದು ಇಂಚು ಇಪ್ಪತ್ತು ಸೆಂಟ್. ಮೂಡಿಗೆರೆ ಕಡೆ ಹೇಗೆ?

ಮೂಡಿಗೆರೆ ತೋಟದವನು (ಗುರುವಾರ ಬೆಳಿಗ್ಗೆ)

ಬರೀ ಗುಡುಗು. ಹದಿನೈದು ಸೆಂಟ್ ಬಿದ್ದು ನಿಂತಿತು. ಮೊಗ್ಗು ಕೆರಳಿಸಲು ಅಷ್ಟೇ ಸಾಕಾಗಿಬಿಟ್ಟರೆ ಕಷ್ಟ. ಸ್ಪ್ರಿಂಕ್ಲರ್ ಪೈಪ್ ಜೋಡಿಸಲು ಹೊರಟಿದ್ದೇನೆ, ಸಂಜೆ ಸಿಗುತ್ತೇನೆ.